ಸ್ಪ್ರಿಂಗ್ ಏರ್ ರೈಫಲ್ ಕೊಳ್ಳುವ ಮೊದಲು ಕೈಗೂ ಕಿವಿಗೂ ಕೆಲಸ ಕೊಡಿ

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ನಮ್ಮ ಅಪ್ಪನದು ಬಲೂನ್ ಹೊಡೆಯುವ ಅಂಗಡಿ. ಸಂಕ್ರಾಂತಿ ಮುಗಿದು ತೇರು ಹತ್ತಿರ ಬಂದಂತೆ ತಗಡಿನ ಪೆಟ್ಟಿಗೆಯಿಂದ ಆರು ಏರ್‌ಗನ್ ಹೊರತೆಗೆದು, ಒರೆಸಿ, ಸ್ಕ್ರೂ ಬಿಗಿದು, ಬಿದಿರಿನ ಚೌಕಟ್ಟಿಗೆ ಬಲೂನ್ ಕಟ್ಟುವುದು ಮನೆಮಂದಿಯ ಕೆಲಸ. ಅಲ್ಲಿಂದ ಕುಕನೂರು, ಕನಕಗಿರಿ, ಹುಲಿಗಿ ಎಂದು ಬೇಸಿಗೆ ಕಳೆಯುವವರೆಗೂ ತಿರುಗಾಟ. ತೇರಿನ ದಿನ ಒಂದೊಂದು ಗನ್ನನ್ನು ನೂರಾರು ಜನ ಹಿಡಿಯುತ್ತಿದ್ದರು. ಸಾಲಾಗಿ ನಿಂತ ಹುಡುಗರು, ಹೊಲದಿಂದ ನೇರವಾಗಿ ಬಂದ ರೈತರು, ಹೊಸದಾಗಿ ಮದುವೆಯಾದ ಗಂಡಂದಿರು, ಒಬ್ಬೊಬ್ಬರದು ಒಂದೊಂದು ಹಿಡಿತ, ಒಂದೊಂದು ಒರಟುತನ. ಅಂಥ ಬಳಕೆಗೆ ಯಾವ ಗನ್ ಬಾಳುತ್ತದೆ, ಯಾವುದು ಮೂರನೇ ಜಾತ್ರೆಗೇ ಕೈಕೊಡುತ್ತದೆ ಎನ್ನುವುದನ್ನು ನಾನು ಹನ್ನೆರಡರ ವಯಸ್ಸಿಗೇ ಕಂಡಿದ್ದೆ.

ಆರರಲ್ಲಿ ಮೂರನೇ ನಂಬರಿನ ಗನ್ನಿಗೆ ಬಣ್ಣವೇ ಉಳಿದಿರಲಿಲ್ಲ. ಕಟ್ಟಿಗೆಯ ಮೇಲೆ ಯಾರೋ ತಮ್ಮ ಹೆಸರು ಕೆತ್ತಿದ್ದರು. ಆದರೂ ಗುರಿ ಬಲ್ಲವರು ಬಂದವರೇ ಅದನ್ನೇ ಕೇಳುತ್ತಿದ್ದರು. ಅದರ ಗುಂಡು ಬಲಕ್ಕೆ ಎರಡು ಬೆರಳು ಸರಿದು ಬೀಳುತ್ತಿತ್ತು, ಆದರೆ ಪ್ರತಿ ಸಲವೂ ಅಷ್ಟೇ ಸರಿದು ಬೀಳುತ್ತಿತ್ತು. ಎರಡು ಗುಂಡಿನಲ್ಲಿ ಅದನ್ನು ಅರಿತವನು ಮೂರನೆಯದರಿಂದ ಬಲೂನ್ ಬಿಡುತ್ತಿರಲಿಲ್ಲ. ಐದನೇ ನಂಬರಿನದು ಹೊಸದು, ಹೊಳೆಯುವಂಥದ್ದು, ಸದ್ದೂ ಜೋರು. ಒಂದು ಗುಂಡು ಬಲೂನಿನ ನಟ್ಟನಡುವೆ, ಮರುಗುಂಡು ಚೌಕಟ್ಟಿನ ಬಿದಿರಿಗೆ. ಗುಣಮಟ್ಟದ ರೈಫಲ್ ಯಾವುದು ಎಂದು ಯಾರಾದರೂ ಕೇಳಿದಾಗ ನನಗೆ ಈ ಎರಡು ಗನ್ನುಗಳೇ ನೆನಪಾಗುತ್ತವೆ. ಪ್ರತಿ ಗುಂಡನ್ನೂ ಹಿಂದಿನ ಗುಂಡಿನಂತೆಯೇ ಹಾರಿಸಬೇಕು, ಕೆಟ್ಟಾಗ ರಿಪೇರಿಗೆ ಒಗ್ಗಬೇಕು. ಉಳಿದ ಗುಣಗಳೆಲ್ಲ ಇವೆರಡರ ನಂತರ.

ಈಗ ನಾನು ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಸಂಜೆ ಹೊತ್ತು, ಮೆಕ್ಕೆಜೋಳ ತುಂಬುತ್ತಿದ್ದ ಹಳೆಯ ಗೋದಾಮಿನಲ್ಲಿ ಹನ್ನೊಂದು ಮಕ್ಕಳಿಗೆ 10 ಮೀಟರ್ ಗುರಿ ಕಲಿಸುತ್ತೇನೆ. ಕಳೆದ ವರ್ಷ ಕುಷ್ಟಗಿಯಿಂದ ಒಬ್ಬ ದಾಳಿಂಬೆ ಬೆಳೆಗಾರರು ಮಗಳನ್ನು ಕರೆದುಕೊಂಡು ಬಂದರು. “ಅಕ್ಕಾವರೇ, ಇವಳಿಗೊಂದು ರೈಫಲ್ ಕೊಡಿಸಬೇಕು, ಯಾವುದು ಅಂತ ನೀವೇ ಹೇಳಿಬಿಡಿ” ಎಂದರು. ಒಂದು ಹೆಸರು ಹೇಳಿ ಕಳಿಸಬಹುದಿತ್ತು. ಆದರೆ ಒಂದೇ ಮಾದರಿಯ ಎರಡು ರೈಫಲ್‌ಗಳ ನಡುವೆಯೂ ಅಂತರ ಇರುತ್ತದೆ. ಹಾಗಾಗಿ ಹೇಗೆ ನೋಡಬೇಕು ಎನ್ನುವುದನ್ನೇ ಹೇಳಿಕೊಟ್ಟೆ. ಇಲ್ಲಿ ಬರೆಯುತ್ತಿರುವುದೂ ಅದನ್ನೇ.

ಸೈಕಲ್ ಪಂಪು ಒತ್ತಿದವರಿಗೆ ಈ ರೈಫಲ್ಲಿನ ಒಳಗು ಬೇಗ ತಿಳಿಯುತ್ತದೆ. ಪಂಪಿನ ದಂಡದ ತುದಿಯಲ್ಲಿ ಚರ್ಮದ ಬಟ್ಟಲಿನಂಥ ವಾಷರ್ ಇರುತ್ತದಲ್ಲ, ಇಲ್ಲಿಯೂ ಪಿಸ್ಟನ್ನಿನ ತುದಿಯಲ್ಲಿ ಅಂಥದೇ ವಾಷರ್ ಇದೆ. ಹಳೆಯವುಗಳಲ್ಲಿ ಅದು ಚರ್ಮದ್ದು, ಈಗಿನವುಗಳಲ್ಲಿ ಸಿಂಥೆಟಿಕ್. ನಳಿಕೆಯನ್ನು ಅದರ ಕೀಲಿನಲ್ಲಿ ಕೆಳಕ್ಕೆ ಬಗ್ಗಿಸಿದಾಗ ಅದಕ್ಕೆ ಜೋಡಿಸಿದ ಸನ್ನೆ (ಲಿವರ್) ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ ಬಲವಾದ ಸ್ಪ್ರಿಂಗನ್ನು ಅದುಮುತ್ತದೆ. ಟ್ರಿಗರ್‌ನ ಕೊಂಡಿ ಅದನ್ನು ಹಿಡಿದಿಡುತ್ತದೆ. ಟ್ರಿಗರ್ ಎಳೆದಾಗ ಪಿಸ್ಟನ್ ಮುನ್ನುಗ್ಗಿ ಮುಂದಿರುವ ಗಾಳಿಯನ್ನು ಸಣ್ಣ ರಂಧ್ರದ ಕಡೆಗೆ ಒತ್ತರಿಸುತ್ತದೆ, ಆ ಗಾಳಿ ಗುಂಡನ್ನು ನಳಿಕೆಯುದ್ದಕ್ಕೂ ತಳ್ಳುತ್ತದೆ. ಸ್ಪ್ರಿಂಗ್ ಗುಂಡನ್ನು ಮುಟ್ಟುವುದೇ ಇಲ್ಲ.

ಇದರಿಂದ ಒಂದು ತೊಡಕು ಹುಟ್ಟುತ್ತದೆ, ಅದನ್ನು ಅರಿಯದೆ ಆಯ್ಕೆ ಮಾಡಬಾರದು. ಭಾರವಾದ ಪಿಸ್ಟನ್ ಮುಂದಕ್ಕೆ ಹಾರಿದಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ; ಪಿಸ್ಟನ್ ಗಾಳಿಯ ಮೆತ್ತೆಗೆ ಬಡಿದು ನಿಂತಾಗ ರೈಫಲ್ ಮುಂದಕ್ಕೆ ಜಿಗಿಯುತ್ತದೆ. ಗುಂಡು ನಳಿಕೆ ದಾಟುವ ಮೊದಲೇ ಈ ಅಲುಗಾಟ ಶುರುವಾಗಿರುತ್ತದೆ. ಆದ್ದರಿಂದ ಸ್ಪ್ರಿಂಗ್ ರೈಫಲ್ ಬಿಗಿಹಿಡಿದವನಿಗೆ ಒಲಿಯುವುದಿಲ್ಲ. ಮುಂದಿನ ಕೈಯನ್ನು ಅಂಗೈ ಬಿಚ್ಚಿ ತೊಟ್ಟಿಲಿನಂತೆ ಇಟ್ಟು, ರೈಫಲ್ಲನ್ನು ಅದರ ಮೇಲೆ ಮಲಗಿಸಿ, ಅದು ತನ್ನಷ್ಟಕ್ಕೆ ಅಲುಗಾಡಲು ಬಿಡಬೇಕು. ಒಳ್ಳೆಯ ರೈಫಲ್‌ನಲ್ಲಿ ಈ ಅಲುಗಾಟ ಪ್ರತಿ ಸಲವೂ ಒಂದೇ ತರಹ ಇರುತ್ತದೆ.

ಇಷ್ಟು ತೊಡಕಿದ್ದರೂ ಸ್ಪ್ರಿಂಗ್ ರೈಫಲ್ಲೇ ಏಕೆ ಎಂದು ಕೇಳುತ್ತಾರೆ. 10 ಮೀಟರ್ ಏರ್ ರೈಫಲ್ ಒಲಿಂಪಿಕ್ಸ್‌ಗೆ ಬಂದದ್ದು 1984ರ ಲಾಸ್ ಏಂಜಲೀಸ್‌ನಲ್ಲಿ, ಅಭಿನವ್ ಬಿಂದ್ರಾ ಅದೇ ಸ್ಪರ್ಧೆಯಲ್ಲಿ ಚಿನ್ನ ಗೆದ್ದದ್ದು 2008ರ ಬೀಜಿಂಗ್‌ನಲ್ಲಿ. ಆ ಮಟ್ಟದಲ್ಲಿ ಇಂದು ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿದ ರೈಫಲ್‌ಗಳದೇ ಆಳ್ವಿಕೆ, ಅವು ಅಲುಗಾಡುವುದೇ ಇಲ್ಲ ಎನ್ನಬಹುದು. ಆದರೆ ಅವುಗಳಿಗೆ ಸುಮಾರು 200 ಬಾರ್ ಒತ್ತಡದ ಗಾಳಿ ಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಕುಷ್ಟಗಿಯ ಹೊಲದ ಮನೆಯಲ್ಲಿರುವ ಹುಡುಗಿ ಪ್ರತಿ ವಾರ ಸಿಲಿಂಡರ್ ತುಂಬಿಸಿಕೊಂಡು ಬರಲು ಯಾವ ಊರಿಗೆ ಹೋಗಬೇಕು? ಸ್ಪ್ರಿಂಗ್ ರೈಫಲ್‌ಗೆ ತೋಳು ಮತ್ತು ಗುಂಡಿನ ಡಬ್ಬಿ ಸಾಕು. ಅದರ ಮೇಲೆ ಕಲಿತ ಮಕ್ಕಳು ಗುಂಡು ಹೋದ ಮೇಲೂ ಗುರಿಯಿಂದ ಕಣ್ಣು ತೆಗೆಯದೆ ಅರೆಕ್ಷಣ ನಿಲ್ಲುವುದನ್ನು ಚೆನ್ನಾಗಿ ಕಲಿಯುತ್ತಾರೆ, ಏಕೆಂದರೆ ಈ ರೈಫಲ್ ಅವಸರವನ್ನು ಆ ಕ್ಷಣವೇ ಗುರಿಯ ಹಾಳೆಯ ಮೇಲೆ ತೋರಿಸಿಬಿಡುತ್ತದೆ.

ಕಾನೂನಿನ ಮಾತು ಮೊದಲೇ ಆಗಲಿ. ಶಸ್ತ್ರಾಸ್ತ್ರ ಕಾಯ್ದೆ 1959ರದು, ಈಗ ನಡೆಯುವ ನಿಯಮಗಳು 2016ರವು. ಅವುಗಳ ಪ್ರಕಾರ ನಳಿಕೆಯ ಒಳವ್ಯಾಸ 4.5 ಮಿ.ಮೀ. ಮೀರದ, ಗುಂಡಿನ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಡ, 5.5 ಮಿ.ಮೀ.ಯದಕ್ಕೆ ಬೇಕು. ಅಂಗಡಿಯವರು ಗುರುತಿನ ಚೀಟಿ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಬರೆದುಕೊಳ್ಳಲಿ. ಖರೀದಿಯ ಬಿಲ್ಲು ಹಿರಿಯರ ಹೆಸರಿನಲ್ಲಿರಲಿ, ಅದರ ಮೇಲೆ ಮಾದರಿ, ಅಳತೆ, ಕ್ರಮಸಂಖ್ಯೆ ಸ್ಪಷ್ಟವಾಗಿರಲಿ. ರೈಫಲ್ ಒಯ್ಯುವಾಗ ಚೀಲದಲ್ಲಿಟ್ಟು, ಬಿಲ್ಲಿನ ಪ್ರತಿಯನ್ನೂ ಅದರಲ್ಲೇ ಇಡಿ. ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಮಾತಿಗಿಂತ ಆ ಕಾಗದ ಬೇಗ ಕೆಲಸ ಮಾಡುತ್ತದೆ. ಗುರಿಯ ಅಭ್ಯಾಸಕ್ಕೆ ಹೇಗೂ 4.5 ಮಿ.ಮೀ.ಯೇ ಬೇಕು, 10 ಮೀಟರ್ ಸ್ಪರ್ಧೆಯ ಅಳತೆಯೂ ಅದೇ. ಆದ್ದರಿಂದ ಇಲ್ಲಿ ಯೋಚಿಸುವುದೇನೂ ಇಲ್ಲ.

ದಾಳಿಂಬೆ ತೋಟದ ಗಿಳಿ ಓಡಿಸಲು ಆಗುತ್ತದೆಯೇ ಎಂದು ಅದೇ ರೈತರು ಮೆಲ್ಲಗೆ ಕೇಳಿದರು. ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಗಿಳಿ, ನವಿಲು ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕಾಯ್ದೆ ಒತ್ತಟ್ಟಿಗಿರಲಿ, ಹಕ್ಕಿಯ ಮೇಲೆ ಗುರಿ ಇಡುವ ಮನೆಯ ಮಗುವಿಗೆ ನಾನು ಕಲಿಸುವುದಿಲ್ಲ. ತೋಟಕ್ಕೆ ಬಲೆ ಹಾಕಿಸಿ, ಹೊಳೆಯುವ ರಿಬ್ಬನ್ ಕಟ್ಟಿಸಿ.

ಇನ್ನು ವೇಗದ ವಿಷಯ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಸಂಬಳದಿಂದ ಕೊಂಡ ಮೊದಲ ರೈಫಲ್ಲನ್ನು ಪೆಟ್ಟಿಗೆಯ ಮೇಲಿನ ಸಂಖ್ಯೆ ನೋಡಿ ಆರಿಸಿದ್ದೆ. ಸೆಕೆಂಡಿಗೆ 1,000 ಅಡಿಗೂ ಹೆಚ್ಚು ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಜಾತ್ರೆಯ ಮೂರನೇ ನಂಬರಿನ ಗನ್ ಕಲಿಸಿದ ಪಾಠ ಆ ಹೊತ್ತಿಗೆ ಮರೆತೇಹೋಗಿತ್ತು. ಆ ರೈಫಲ್ ಬಗ್ಗಿಸಲು ಎರಡೂ ಕೈ ಬೇಕಾಗುತ್ತಿತ್ತು, ಹಾರಿಸಿದಾಗ ಕೆನ್ನೆಗೆ ಕಂಪನ ತಾಕುತ್ತಿತ್ತು, 10 ಮೀಟರ್‌ನಲ್ಲಿ ಐದು ಗುಂಡು ಅಂಗೈಯಗಲ ಚದುರುತ್ತಿದ್ದವು. ಆರು ತಿಂಗಳು ನನ್ನ ಕೈಯದೇ ತಪ್ಪು ಎಂದುಕೊಂಡು ಕೊರಗಿದೆ.

ಆ ಸಂಖ್ಯೆಯನ್ನು ಓದುವ ರೀತಿ ಹೀಗೆ. ಕಿಲೋಗ್ರಾಂ ಲೆಕ್ಕದ ಗುಂಡಿನ ತೂಕವನ್ನು, ಸೆಕೆಂಡಿಗೆ ಮೀಟರ್ ಲೆಕ್ಕದ ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಜೂಲ್‌ನಲ್ಲಿ ಶಕ್ತಿ ಸಿಗುತ್ತದೆ. 4.5 ಮಿ.ಮೀ.ಯ ಸಾಮಾನ್ಯ ಸೀಸದ ಗುಂಡು ಒಂದರ ತೂಕ ಅರ್ಧ ಗ್ರಾಂ ಆಸುಪಾಸು. ಹೆಸರಾದ ಜೆಎಸ್‌ಬಿ ಎಕ್ಸಾಕ್ಟ್ ಗುಂಡಿನದು 0.547 ಗ್ರಾಂ. ಅದು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 11 ಜೂಲ್. 270 ಮೀಟರ್‌ನಲ್ಲಿ ಹೊರಟರೆ ಹೆಚ್ಚುಕಡಿಮೆ 20 ಜೂಲ್, ಅಂದರೆ ಕಾನೂನಿನ ಅಂಚು. 1,000 ಅಡಿ ಎಂದರೆ 305 ಮೀಟರ್. ಪರವಾನಗಿ ಬೇಡದ ರೈಫಲ್ ಅಷ್ಟು ವೇಗ ತೋರಿಸಬೇಕೆಂದರೆ ತೀರಾ ಹಗುರವಾದ ಗುಂಡಿನಿಂದಲೇ ಅಳೆದಿರಬೇಕು. ನೀವು ಅಭ್ಯಾಸಕ್ಕೆ ಬಳಸುವುದು ಆ ಗುಂಡನ್ನಲ್ಲ. ಜೊತೆಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದರ ಸಮೀಪಕ್ಕೆ ಹೋದ ಸೊಂಟ ಸಣ್ಣದಾದ ಈ ಗುಂಡು ತನ್ನ ದಾರಿಯಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ. ಜರ್ಮನಿಯಲ್ಲಿ ಪರವಾನಗಿಯಿಲ್ಲದ ಏರ್ ರೈಫಲ್‌ಗೆ ಇರುವ ಮಿತಿ 7.5 ಜೂಲ್ ಮಾತ್ರ, ಅಲ್ಲಿಯ ಕಾರ್ಖಾನೆಗಳೇ ಜಗತ್ತಿನ ಅತ್ಯಂತ ನಿಖರ ರೈಫಲ್‌ಗಳನ್ನು ಮಾಡಿವೆ. ಹಾಳೆಯಲ್ಲಿ ರಂಧ್ರ ಮಾಡಲು 8 ಜೂಲ್ ಸಾಕು, 10ರಿಂದ 14 ಇದ್ದರೆ ಧಾರಾಳ. ಪೆಟ್ಟಿಗೆಯ ಮೇಲೆ ವೇಗವೊಂದನ್ನೇ ಹೊಗಳಿಕೊಂಡಿದ್ದರೆ ಆ ರೈಫಲ್ಲನ್ನು ಎರಡು ಪಟ್ಟು ಎಚ್ಚರದಿಂದ ನೋಡಿ.

ನಮ್ಮ ಜಿಲ್ಲೆಯಲ್ಲಿ ಆಯ್ಕೆ ಕಡಿಮೆ. ಈ ಕಡೆಯವರು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುತ್ತಾರೆ, ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ದೂರ ಎಂದು ಫೋನಿನಲ್ಲೇ ಆರ್ಡರ್ ಮಾಡಿಬಿಡಬೇಡಿ, ಮೊದಲ ರೈಫಲ್ಲನ್ನಾದರೂ ಕೈಯಲ್ಲಿ ಹಿಡಿದೇ ಕೊಳ್ಳಿ. ಅಂಗಡಿಗೆ ಹೋಗುವಾಗ ಒಂದು ಕಿವಿ ಸ್ವಚ್ಛ ಮಾಡುವ ಹತ್ತಿಕಡ್ಡಿ, ಸಿಗರೇಟ್ ಹಾಳೆಯಷ್ಟು ತೆಳುವಾದ ಕಾಗದದ ಚೂರು, ಸಣ್ಣ ಟಾರ್ಚ್, ಹತ್ತಿ ಚೀಲ ತೂಗುವ ಕೊಕ್ಕೆ ತಕ್ಕಡಿ ಜೊತೆಗಿರಲಿ. ಅಂಗಡಿಯವರ ಅನುಮತಿ ಕೇಳಿ, ರೈಫಲ್ ಖಾಲಿಯಿದೆ ಎನ್ನುವುದನ್ನು ನೀವೇ ನೋಡಿಕೊಂಡು ಶುರು ಮಾಡಿ.

ಮೊದಲು ನಳಿಕೆಯ ಕೀಲು. ನಳಿಕೆ ಬಗ್ಗಿಸುವ ರೈಫಲ್‌ನ ಪ್ರಾಣ ಇರುವುದು ಅಲ್ಲೇ. ನಳಿಕೆ ಮುಚ್ಚಿರುವಾಗ ಒಂದು ಕೈಯಲ್ಲಿ ದೇಹವನ್ನೂ ಇನ್ನೊಂದರಲ್ಲಿ ನಳಿಕೆಯ ತುದಿಯನ್ನೂ ಹಿಡಿದು ಎಡಬಲಕ್ಕೆ ಅಲುಗಾಡಿಸಿ. ಕೂದಲೆಳೆಯಷ್ಟೂ ಆಟ ಇರಬಾರದು. ಅನಂತರ ನಳಿಕೆಯನ್ನು ಸ್ವಲ್ಪವೇ ತೆರೆದು, ಸ್ಪ್ರಿಂಗಿನ ಭಾರ ಸಿಗುವ ಮೊದಲೇ ನಿಲ್ಲಿಸಿ ಕೈ ಸಡಿಲಿಸಿ. ಬಿಗಿ ಸರಿಯಾಗಿದ್ದರೆ ಅದು ಬಿಟ್ಟಲ್ಲೇ ನಿಲ್ಲುತ್ತದೆ. ಜೋತುಬಿದ್ದರೆ ಕೀಲು ಸಡಿಲ. ಕೀಲಿಗೆ ಬೋಲ್ಟ್ ಇದೆಯೋ ಬಡಿದು ಕೂರಿಸಿದ ಪಿನ್ ಇದೆಯೋ ನೋಡಿ. ಬೋಲ್ಟ್ ಇದ್ದರೆ ವರ್ಷಗಳು ಕಳೆದಂತೆ ಬಿಗಿ ಮಾಡಿಕೊಳ್ಳಬಹುದು. ಪಿನ್ ಸವೆದರೆ ಕೆಲಸ ಹೆಚ್ಚು. ನಮ್ಮ ಐದನೇ ನಂಬರಿನ ಗನ್ನಿಗೆ ಪಿನ್ ಇತ್ತು. ಎರಡನೇ ವರ್ಷ ಅಪ್ಪ ಲೇತ್ ಅಂಗಡಿಯಲ್ಲಿ ಹೊಸ ಪಿನ್ ತಿರುಗಿಸಿ ಹಾಕಿಸಿದರು, ಮೂರನೇ ವರ್ಷ ರಂಧ್ರವೇ ಅಂಡಾಕಾರವಾಗಿತ್ತು.

ಆಮೇಲೆ ಬಗ್ಗಿಸುವ ಭಾರ. ನಳಿಕೆಯ ತುದಿಗೆ ಹಗ್ಗ ಕಟ್ಟಿ ಕೊಕ್ಕೆ ತಕ್ಕಡಿಯಿಂದ ಎಳೆದರೆ ಸಂಖ್ಯೆ ನೇರವಾಗಿ ಸಿಗುತ್ತದೆ. ಹನ್ನೆರಡರಿಂದ ಹದಿನೈದು ಕಿಲೋ ಆದರೆ ಹದಿಹರೆಯದ ಮಕ್ಕಳು ನಿಭಾಯಿಸುತ್ತಾರೆ. ಇಪ್ಪತ್ತು ದಾಟಿದರೆ ಬೇಡ. ಅಂತರರಾಷ್ಟ್ರೀಯ ಅರ್ಹತಾ ಸುತ್ತಿನಲ್ಲಿ 60 ಗುಂಡು. ಅಭ್ಯಾಸದ ದಿನ ಅದಕ್ಕಿಂತ ಹೆಚ್ಚೇ ಆಗುತ್ತದೆ. ಮೂವತ್ತನೆಯ ಗುಂಡಿಗೆ ತೋಳು ನಡುಗತೊಡಗಿದರೆ ಉಳಿದ ಮೂವತ್ತು ವ್ಯರ್ಥ. ಎಳೆಯುವಾಗ ಕಿವಿಗೊಟ್ಟು ಕೇಳಿ. ಎಣ್ಣೆ ಹಾಕಿದ ಬಾಗಿಲಿನಂತೆ ನುಣುಪಾಗಿ ಬಂದು ಕೊನೆಯಲ್ಲಿ ಒಂದು ಸ್ಪಷ್ಟ ‘ಟಕ್’ ಆಗಬೇಕು. ಕರಕರ ಎಂದರೆ ಸ್ಪ್ರಿಂಗ್ ಒಳಗೋಡೆಗೆ ಉಜ್ಜುತ್ತಿದೆ, ಅಥವಾ ಒಳಭಾಗಗಳ ಅಂಚುಗಳನ್ನು ಕಾರ್ಖಾನೆಯಲ್ಲಿ ಸರಿಯಾಗಿ ಉಜ್ಜಿ ತೆಗೆದಿಲ್ಲ.

ಟ್ರಿಗರ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಅಗ್ಗದ ರೈಫಲ್‌ಗಳಲ್ಲಿ ಟ್ರಿಗರ್‌ನ ತುಂಡೇ ನೇರವಾಗಿ ಪಿಸ್ಟನ್ನನ್ನು ತಡೆದು ನಿಂತಿರುತ್ತದೆ. ಸ್ಪ್ರಿಂಗ್ ಬಲವಾದಷ್ಟೂ ಟ್ರಿಗರ್ ಭಾರ, ಎಳೆದಷ್ಟೂ ಎಳೆಯಬೇಕು, ಯಾವಾಗ ಬಿಡುತ್ತದೋ ತಿಳಿಯದು. ಒಳ್ಳೆಯವುಗಳಲ್ಲಿ ಎರಡು ಮೂರು ಸನ್ನೆಗಳು ಸರಪಳಿಯಂತೆ ಆ ಭಾರವನ್ನು ಹಂಚಿಕೊಳ್ಳುತ್ತವೆ. ಮೊದಲ ಹಂತದಲ್ಲಿ ಬೆರಳು ಹಗುರವಾಗಿ ಸರಿಯುತ್ತದೆ, ಒಂದು ಗೋಡೆ ಸಿಕ್ಕಂತಾಗಿ ನಿಲ್ಲುತ್ತದೆ, ಅಲ್ಲಿಂದ ತುಸುವೇ ಒತ್ತಿದರೆ ಬಿಡುತ್ತದೆ. ವೈರಾಖ್ ಕಂಪನಿಯ ರೆಕಾರ್ಡ್ ಎಂಬ ಟ್ರಿಗರ್ ಈ ಬಗೆಯಲ್ಲಿ ಹೆಸರು ಮಾಡಿದ್ದು. 1950ರ ದಶಕದಲ್ಲಿ ಬಂದ ಆ ಕಂಪನಿಯ ಎಚ್‌ಡಬ್ಲ್ಯೂ 35 ರೈಫಲ್ ಹಲವು ದಶಕ ತಯಾರಾಗಿದೆ. ಡಯಾನಾದ ಟಿ06 ಟ್ರಿಗರ್ ಕೂಡ ನಂಬಿಕೆಗೆ ಅರ್ಹ. ಆಮದಾದವು ನಮ್ಮಲ್ಲಿ ದುಬಾರಿ. ಭಾರತದಲ್ಲೇ ತಯಾರಾಗುವ ಪ್ರಿಸಿಹೋಲ್‌ನಂಥ ರೈಫಲ್‌ಗಳನ್ನೂ ಇದೇ ಪರೀಕ್ಷೆಗೆ ಒಡ್ಡಿ. ಬಿಡಿಭಾಗ ದೇಶದೊಳಗೇ ಸಿಗುವುದು ಸಣ್ಣ ಅನುಕೂಲವಲ್ಲ. ಒಂದು ಎಚ್ಚರಿಕೆ: ಗುಂಡಿಲ್ಲದೆ ಟ್ರಿಗರ್ ಎಳೆದು ನೋಡಬೇಡಿ. ಮುಂದೆ ಗುಂಡಿಲ್ಲದಿದ್ದರೆ ಗಾಳಿಯ ಮೆತ್ತೆ ಇರುವುದಿಲ್ಲ, ಪಿಸ್ಟನ್ ನೇರವಾಗಿ ಲೋಹಕ್ಕೆ ಬಡಿಯುತ್ತದೆ. ಅಂಗಡಿಯಲ್ಲಿ ಗುಂಡು ಹಿಡಿಯುವ ಪೆಟ್ಟಿಗೆ ಇದ್ದರೆ ಅದರೊಳಗೆ ಹಾರಿಸಿಯೇ ನೋಡಬೇಕು. ಮಾರುವವರೇ ಗಿರಾಕಿಯ ಮುಂದೆ ನಾಲ್ಕಾರು ಸಲ ಬರಿದೇ ಚಟ್ ಎನಿಸಿ ತೋರಿಸಿದ ರೈಫಲ್ಲನ್ನು ಪಕ್ಕಕ್ಕಿಟ್ಟು, ಪೆಟ್ಟಿಗೆ ಒಡೆಯದ ಇನ್ನೊಂದನ್ನು ಕೇಳಿ.

ನಳಿಕೆಯ ಬಾಯಿಯನ್ನು ಟಾರ್ಚ್ ಹಿಡಿದು ನೋಡಿ. ಒಳಗೆ ತಿರುಚಿಕೊಂಡು ಹೋಗುವ ಗೀರುಗಳು ಸ್ಪಷ್ಟವಾಗಿರಬೇಕು, ಬಾಯಿಯ ಅಂಚು ಸುತ್ತಲೂ ಒಂದೇ ಸಮ ಇರಬೇಕು. ಹತ್ತಿಕಡ್ಡಿಯನ್ನು ಒಳಗಿಟ್ಟು ಹೊರಕ್ಕೆ ತಿರುಗಿಸುತ್ತ ಎಳೆಯಿರಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಲೋಹದ ಮುಳ್ಳು ಉಳಿದಿದೆ. ಗುಂಡು ಕೊನೆಯದಾಗಿ ಮುಟ್ಟುವುದು ಅದೇ ಅಂಚನ್ನು. ಅಲ್ಲಿ ಮುಳ್ಳಿದ್ದರೆ ಗುಂಡು ಪ್ರತಿ ಸಲ ಒಂದು ಪಕ್ಕಕ್ಕೆ ವಾಲಿಕೊಂಡೇ ಹೊರಡುತ್ತದೆ.

ಗಾಳಿ ಸೋರುವುದನ್ನು ಕಂಡುಹಿಡಿಯಲು ಆ ತೆಳುವಾದ ಕಾಗದ. ನಳಿಕೆ ಬಂದು ಕೂರುವ ಸಂದಿಯ ಮೇಲೆ ಅದನ್ನು ಸಡಿಲವಾಗಿ ಇಟ್ಟು ಒಂದು ಗುಂಡು ಹಾರಿಸಿ. ಕಾಗದ ಚಿಮ್ಮಿದರೆ ಅಲ್ಲಿಯ ಸೀಲ್ ಸರಿಯಿಲ್ಲ. ಇದು ದೊಡ್ಡ ದೋಷವಲ್ಲ, ಸೀಲ್ ಬದಲಿಸುವುದು ಸುಲಭ. ಆದರೆ ಹೊಸ ರೈಫಲ್‌ನಲ್ಲೇ ಹೀಗಿದ್ದರೆ ಕಾರ್ಖಾನೆಯವರು ಇನ್ನೇನೇನು ಗಮನಿಸಿಲ್ಲವೋ ಎಂಬ ಅನುಮಾನ ಬರುತ್ತದೆ. ಹಾರಿಸಿದಾಗಿನ ಸದ್ದನ್ನೂ ಕೇಳಿ. ಒಳ್ಳೆಯದರ ಸದ್ದು ಮೊಟಕು, ದಪ್ಪ ಪುಸ್ತಕ ಮುಚ್ಚಿದಂತೆ. ತಂತಿ ಮೀಟಿದಂತೆ ‘ಟಂಯ್’ ಎಂದು ಎಳೆದರೆ ಸ್ಪ್ರಿಂಗ್ ತನ್ನ ಗೂಡಿನೊಳಗೆ ಅಲುಗಾಡುತ್ತಿದೆ.

ಸುರುಳಿ ಸ್ಪ್ರಿಂಗಿನ ಬದಲು ಒತ್ತಿದ ಅನಿಲದ ಸಿಲಿಂಡರ್ ಇರುವ ರೈಫಲ್‌ಗಳೂ ಈಗ ಬಂದಿವೆ. ಅವುಗಳಲ್ಲಿ ಆ ‘ಟಂಯ್’ ಇಲ್ಲ, ಬಗ್ಗಿಸಿ ಹೊತ್ತು ಕಾಯ್ದರೂ ಬಲ ಕುಗ್ಗುವುದಿಲ್ಲ. ಆದರೂ ನಮ್ಮ ಕಡೆಯವರಿಗೆ ಸುರುಳಿ ಸ್ಪ್ರಿಂಗನ್ನೇ ಹೇಳುತ್ತೇನೆ. ಅನಿಲ ಸೋರಿದರೆ ಇಲ್ಲಿ ರಿಪೇರಿ ಮಾಡುವವರಿಲ್ಲ, ಇಡೀ ಸಿಲಿಂಡರನ್ನೇ ತರಿಸಬೇಕು. ಬಿಸಿಲಿಗೆ ಅನಿಲದ ಒತ್ತಡ ಏರುತ್ತದೆ. ಜನವರಿಯ ಬೆಳಗಿಗೂ ಮೇ ತಿಂಗಳ 42 ಡಿಗ್ರಿಯ ಮಧ್ಯಾಹ್ನಕ್ಕೂ ನಡುವೆ ಗುಂಡು ಬೀಳುವ ಜಾಗ ಸರಿಯಬಹುದು. ಸುರುಳಿ ಸ್ಪ್ರಿಂಗ್ ಹಾಗಲ್ಲ. ಅಪ್ಪ ಚಪ್ಪಲಿ ಹೊಲಿಯುವ ಅಜ್ಜನಿಂದ ಚರ್ಮದ ವಾಷರ್ ಕತ್ತರಿಸಿ, ಹರಳೆಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಾಕಿ ಸಂಜೆಗೆ ಅಂಗಡಿ ತೆರೆಯುತ್ತಿದ್ದರು. ಆದರೆ ಸ್ಪ್ರಿಂಗ್ ಬಿಚ್ಚುವ ಕೆಲಸ ನೀವು ಮನೆಯಲ್ಲಿ ಮಾಡಬೇಡಿ. ಸಡಿಲವಾಗಿದ್ದಾಗಲೂ ಅದು ಒಳಗೆ ಒತ್ತಿಕೊಂಡೇ ಕೂತಿರುತ್ತದೆ, ಹಿಂದಿನ ತಿರುಪು ಬಿಚ್ಚಿದ ಕೂಡಲೇ ಮುಖಕ್ಕೆ ಹಾರುತ್ತದೆ. ಅದನ್ನು ಹಿಡಿದು ಬಿಚ್ಚುವ ಕ್ಲಾಂಪ್ ಇದ್ದವರ ಕೈಗೇ ಕೊಡಿ.

ನಳಿಕೆ ಅಲುಗದೆ, ಕೆಳಗೋ ಪಕ್ಕಕ್ಕೋ ಇರುವ ಸನ್ನೆಯನ್ನು ಎಳೆಯುವ ರೈಫಲ್‌ಗಳು ಇನ್ನೂ ನಿಖರ. ಏರ್ ಆರ್ಮ್ಸ್ ಟಿಎಕ್ಸ್200, ವೈರಾಖ್ ಎಚ್‌ಡಬ್ಲ್ಯೂ 77 ಈ ಜಾತಿಯವು. ಆದರೆ ತೂಕ ನಾಲ್ಕು ಕಿಲೋ ಸುಮಾರು, ಎಂಟನೇ ತರಗತಿಯ ಮಗು ನಿಂತು ಹಿಡಿಯಲಾರದು. ಬೆಳೆದವರು ಕುಳಿತು ಹೊಡೆಯುವುದಾದರೆ, ಕೈಯಲ್ಲಿ ಹಣವಿದ್ದರೆ, ಇದನ್ನೇ ಕೊಳ್ಳಿ.

ಕಟ್ಟಿಗೆಯೋ ಪ್ಲಾಸ್ಟಿಕ್ಕೋ ಎನ್ನುವುದಕ್ಕಿಂತ ಮೈಗೆ ಹೊಂದುತ್ತದೆಯೇ ಎನ್ನುವುದು ಮುಖ್ಯ. ರೈಫಲ್ಲಿನ ಹಿಂಬದಿಯನ್ನು ಮೊಣಕೈ ಮಡಿಕೆಗೆ ಇಟ್ಟರೆ ತೋರುಬೆರಳಿನ ಮೊದಲ ಗೆಣ್ಣು ಆರಾಮವಾಗಿ ಟ್ರಿಗರ್ ಮುಟ್ಟಬೇಕು. ಭುಜಕ್ಕೆ ಏರಿಸಿ ಕಣ್ಣು ಮುಚ್ಚಿ, ಕೆನ್ನೆ ಒರಗಿಸಿ, ಕಣ್ಣು ತೆರೆಯಿರಿ. ಗುರಿ ನೋಡುವ ಸೈಟ್ ಕಣ್ಣಿನ ನೇರಕ್ಕೇ ಇದ್ದರೆ ಅದು ನಿಮ್ಮ ಅಳತೆಯದು. ಕತ್ತು ಚಾಚಿ ಹುಡುಕಬೇಕಾದರೆ ಅಲ್ಲ.

ಟೆಲಿಸ್ಕೋಪ್ ಸೇರಿಸಿ ಮಾರುವ ರೈಫಲ್‌ಗಳಿಗೆ ಮರುಳಾಗಬೇಡಿ. ಮೊದಲ ವರ್ಷ ತೆರೆದ, ಅಂದರೆ ಗಾಜಿಲ್ಲದ ಸೈಟ್‌ನಲ್ಲೇ ಕಲಿಯಬೇಕು. ಶಾಲಾ ಮಟ್ಟದ ಸ್ಪರ್ಧೆಗಳಲ್ಲಿ ಓಪನ್ ಸೈಟ್ ವಿಭಾಗವೇ ಇದೆ. ಹಿಂದಿನ ಸೈಟ್ ಲೋಹದ್ದಾಗಿರಲಿ, ತಿರುಗಿಸಿದಾಗ ಒಂದೊಂದು ‘ಟಿಕ್’ ಬೆರಳಿಗೆ ತಿಳಿಯಲಿ. ಮುಂದೆ ಟೆಲಿಸ್ಕೋಪ್ ಬೇಕೆನಿಸಿದರೆ ಏರ್ ರೈಫಲ್‌ಗೆಂದೇ ಮಾಡಿದ್ದನ್ನು, 10 ಮೀಟರ್‌ಗೂ ಸ್ಪಷ್ಟವಾಗುವುದನ್ನು ಕೇಳಿ. ಮುಂದಕ್ಕೂ ಹಿಂದಕ್ಕೂ ಜಿಗಿಯುವ ಈ ರೈಫಲ್ಲಿನ ಮೇಲೆ, ಹಿಂದೊದೆತವನ್ನಷ್ಟೇ ತಡೆಯುವಂತೆ ಮಾಡಿದ ಟೆಲಿಸ್ಕೋಪಿನ ಗಾಜು ಸಡಿಲಗೊಳ್ಳುತ್ತದೆ.

ಹಣವೆಲ್ಲ ರೈಫಲ್‌ಗೇ ಸುರಿಯದೆ ಐದರಲ್ಲಿ ಒಂದು ಪಾಲನ್ನಾದರೂ ಗುಂಡಿಗೆ ಉಳಿಸಿ. ಹಾಳೆಗೆ ತಲೆ ಚಪ್ಪಟೆಯಾದ ಗುಂಡು ಒಳ್ಳೆಯದು, ಪಂಚಿಂಗ್ ಯಂತ್ರದಂತೆ ದುಂಡನೆಯ ರಂಧ್ರ ಕೊರೆಯುತ್ತದೆ, ಅಂಕ ಎಣಿಸಲು ಸಲೀಸು. ಮೂರು ನಾಲ್ಕು ಬಗೆಯ ಡಬ್ಬಿ ತಂದು ಒಂದೊಂದರಿಂದ ಐದೈದು ಗುಂಡಿನ ಐದು ಹಾಳೆ ಹೊಡೆದು ನೋಡಿ. ಒಂದೇ ಕಾರ್ಖಾನೆಯ ಗುಂಡಿನಲ್ಲೂ ತಲೆಯ ಅಳತೆ 4.50, 4.51, 4.52 ಎಂದು ಇರುತ್ತದೆ. ಪ್ರತಿ ನಳಿಕೆಗೂ ಅದರದೇ ರುಚಿ. ತಗ್ಗುಬಿದ್ದ, ಬಾಲ ಮಡಿಚಿದ ಗುಂಡನ್ನು ಎಸೆದುಬಿಡಿ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಊಟಕ್ಕೆ ಕೂರಬಾರದು, ನನ್ನ ಗೋದಾಮಿನ ಬಾಗಿಲಲ್ಲೇ ಬಕೆಟ್ ಇಟ್ಟಿದ್ದೇನೆ.

ಹಳೆಯ ರೈಫಲ್ ಕೊಳ್ಳುವುದಾದರೆ ತುಕ್ಕಿಗೂ ಗೀರಿಗೂ ಹೆದರಬೇಡಿ, ನಳಿಕೆ ಬಾಗಿದೆಯೇ ಎಂದು ನೋಡಿ. ಯಾರಾದರೂ ನಳಿಕೆ ತೆರೆದಿರುವಾಗಲೇ ಟ್ರಿಗರ್ ಎಳೆದಿದ್ದರೆ ಅದು ರಪ್ಪನೆ ಮೇಲಕ್ಕೆ ಬಡಿದು ಬಾಗಿರುತ್ತದೆ, ಕಟ್ಟಿಗೆ ಕೀಲಿನ ಹಿಂದೆ ಸೀಳಿರುತ್ತದೆ. ಮೊದಲ ಗುಂಡಿಗೆ ಹೊಗೆ, ಸುಟ್ಟ ವಾಸನೆ, ಪಟಾಕಿಯಂಥ ಸದ್ದು ಬಂದರೆ ಒಳಗೆ ಎಣ್ಣೆ ಸುರಿದಿದ್ದಾರೆ ಎಂದರ್ಥ. ಒತ್ತಿದ ಗಾಳಿಯ ಕಾವಿಗೆ ಆ ಎಣ್ಣೆ ಡೀಸೆಲ್ ಎಂಜಿನ್ನಿನಲ್ಲಿ ಹತ್ತಿಕೊಂಡಂತೆ ಹತ್ತಿಕೊಳ್ಳುತ್ತದೆ. ವಾಷರ್ ಸುಡುತ್ತದೆ, ಸ್ಪ್ರಿಂಗ್ ಮುರಿಯುತ್ತದೆ. ಹುಲಿಗಿಯ ಹುಣ್ಣಿಮೆಗೆ ಹೋದಾಗ ಅಂಗಡಿ ನೋಡಿಕೊಳ್ಳುತ್ತಿದ್ದ ಹುಡುಗನೊಬ್ಬ ಸಲೀಸಾಗಲಿ ಎಂದು ನಳಿಕೆಯ ರಂಧ್ರದಲ್ಲಿ ಕೊಬ್ಬರಿ ಎಣ್ಣೆ ಬಿಟ್ಟಿದ್ದ, ಆ ಸಂಜೆಯೇ ಒಂದನೇ ನಂಬರಿನ ಗನ್ ಮೂಲೆ ಸೇರಿತು. ಹೊಲಿಗೆ ಯಂತ್ರದ ಎಣ್ಣೆಯೂ ಬೇಡ. ಕೀಲಿಗೆ ತುಸು ಗ್ರೀಸ್, ಹೊರಮೈಗೆ ಎಣ್ಣೆ ಒರೆಸಿದ ಬಟ್ಟೆ, ಅಷ್ಟು ಸಾಕು. ಸಂಡೂರು, ತೋರಣಗಲ್ಲಿನ ಕಡೆಯವರು ಅದಿರಿನ ಕೆಂಪು ಧೂಳು ಕೀಲಿನೊಳಗೆ ಸೇರದಂತೆ ಚೀಲದಲ್ಲೇ ಇಡಿ.

ಮನೆಗೆ ತಂದ ಮೇಲೆ ಎಲ್ಲಿ ಹೊಡೆಯುತ್ತೀರಿ ಎನ್ನುವುದನ್ನು ಕೊಳ್ಳುವ ಮೊದಲೇ ತೀರ್ಮಾನಿಸಿ. ಕೊಪ್ಪಳ, ಗಂಗಾವತಿ, ಆನೆಗೊಂದಿಯ ಸುತ್ತ ಎತ್ತ ನೋಡಿದರೂ ಬಂಡೆ. ಬಂಡೆಯ ಮುಂದೆ ಡಬ್ಬಿ ಇಟ್ಟು ಹೊಡೆಯುವುದು ಹುಡುಗರಿಗೆ ಆಸೆ, ಅದರಷ್ಟು ಅಪಾಯ ಬೇರಿಲ್ಲ. ಸೀಸದ ಗುಂಡು ಕಲ್ಲಿಗೆ ಬಡಿದು ಹೊಡೆದವನ ಕಣ್ಣಿಗೇ ಬರಬಹುದು. ಕಟ್ಟಿಗೆಯ ಪೆಟ್ಟಿಗೆಯಲ್ಲಿ ಹಳೆಯ ಸೀರೆ, ಗೋಣಿಚೀಲ ಒತ್ತೊತ್ತಾಗಿ ತುಂಬಿ, ಹಿಂದೆ ದಪ್ಪ ಹಲಗೆ ಇಟ್ಟು, ಅದರ ಹಿಂದೆ ಮಣ್ಣಿನ ದಿಬ್ಬವೋ ಗೋಡೆಯೋ ಇರುವಂತೆ ನೋಡಿಕೊಳ್ಳಿ. ತಪ್ಪಿದ ಗುಂಡು ಮುನ್ನೂರು ಮೀಟರ್ ಆಚೆಗೂ ಹೋಗಬಲ್ಲದು. ಕಣ್ಣಿಗೆ ಕನ್ನಡಕ ಕಡ್ಡಾಯ. ನಳಿಕೆ ತೆರೆದು ಗುಂಡು ತುಂಬುವಾಗ ಇನ್ನೊಂದು ಕೈ ನಳಿಕೆಯನ್ನು ಬಿಡಲೇಬಾರದು. ಕೆಳಸನ್ನೆಯ ರೈಫಲ್‌ಗಳಲ್ಲಂತೂ ಸನ್ನೆ ಜಾರಿದರೆ ಒಳಗಿಟ್ಟ ಬೆರಳು ಹೋಗುತ್ತದೆ.

ಕೊನೆಯದಾಗಿ, ಹೊಸ ಸ್ಪ್ರಿಂಗ್ ರೈಫಲ್ಲನ್ನು ಮೊದಲ ದಿನವೇ ಅಳೆಯಬೇಡಿ. ಒಳಗಿನ ಹೆಚ್ಚುವರಿ ಎಣ್ಣೆ ಉರಿದು, ವಾಷರ್ ಗೂಡಿಗೆ ಹೊಂದಿಕೊಳ್ಳಲು ಕೆಲವು ನೂರು ಗುಂಡುಗಳು ಬೇಕು. ಪ್ರತಿ ಐವತ್ತಕ್ಕೊಮ್ಮೆ ಕಟ್ಟಿಗೆಯ ಸ್ಕ್ರೂಗಳನ್ನು ನೋಡಿ. ಅಲುಗಾಟಕ್ಕೆ ಅವು ಸಡಿಲಾಗುತ್ತವೆ, ಸಡಿಲಾದರೆ ಗುಂಡು ಚದುರುತ್ತವೆ. ಐನೂರು ಗುಂಡಾದ ಮೇಲೆ ಮೇಜಿನ ಮೇಲೆ ದಿಂಬು ಇಟ್ಟು, ದಿಂಬಿನ ಮೇಲೆ ಅಂಗೈ, ಅಂಗೈ ಮೇಲೆ ರೈಫಲ್ ಇಟ್ಟು 10 ಮೀಟರ್‌ನಿಂದ ಐದೈದು ಗುಂಡಿನ ಹತ್ತು ಹಾಳೆ ಹೊಡೆಯಿರಿ. ಹತ್ತರಲ್ಲಿ ಎಂಟು ಹಾಳೆಯ ರಂಧ್ರಗಳು ಒಂದು ರೂಪಾಯಿ ನಾಣ್ಯದಡಿ ಮುಚ್ಚಿದರೆ ರೈಫಲ್ ಒಳ್ಳೆಯದು. ಕುಷ್ಟಗಿಯ ಹುಡುಗಿಯ ಮೊದಲ ರೈಫಲ್‌ನಲ್ಲಿ ಎರಡೇ ಹಾಳೆ ಮುಚ್ಚಿದವು. ನಾನು ಹೊಡೆದಾಗ ಮೂರು. ಅವಳ ಅಪ್ಪ ತಾರೀಕು, ಗುಂಡಿನ ಹೆಸರು ಬರೆದಿದ್ದ ಆ ಇಪ್ಪತ್ತು ಹಾಳೆಗಳನ್ನೂ ಬಿಲ್ಲನ್ನೂ ತೆಗೆದುಕೊಂಡು ಹೋಗಿ ಅಂಗಡಿಯವರ ಮೇಜಿನ ಮೇಲೆ ಹರಡಿದರು. ಅಂಗಡಿಯವರು ಹತ್ತಿಕಡ್ಡಿ ತಾವೇ ತರಿಸಿ ನಳಿಕೆಯ ಬಾಯಿ ನೋಡಿದರು, ಮುಳ್ಳು ಸಿಕ್ಕಿತು, ಬೇರೆ ರೈಫಲ್ ಕೊಟ್ಟರು. ಅದರ ಹತ್ತು ಹಾಳೆಗಳಲ್ಲಿ ಒಂಬತ್ತು ಮುಚ್ಚಿವೆ. ಹತ್ತನೆಯದನ್ನೂ ಅವಳು ಪುಸ್ತಕದಲ್ಲಿ ಅಂಟಿಸಿ, ಆ ಹೊತ್ತಿಗೆ ಸ್ಕ್ರೂ ಸಡಿಲಿತ್ತು ಎಂದು ಪಕ್ಕದಲ್ಲಿ ಬರೆದಿದ್ದಾಳೆ.